ಲಿಥಿಯಂ ಮತ್ತು ಗರ್ಭಿಣಿ: ಒಂದು ಭಯ ಬೆಳೆದ ಬಗೆ, ಇಳಿದ ಬಗೆ

ಮನಸ್ಸು ಅತಿ ಉತ್ಸಾಹ, ಅತಿ ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವ ಹೆಣ್ಣುಮಗಳು ಬಸುರಿಯಾದರೆ ಮನೆಯವರು ಮೊದಲು ಹೇಳುವುದು 'ಆ ಮಾತ್ರೆ ಬಿಟ್ಟುಬಿಡು' ಎಂದು. ವೈದ್ಯರೂ ಬಹುಕಾಲ ಹಾಗೇ ಹೇಳುತ್ತಿದ್ದರು. ಅದಕ್ಕೆ ಕಾರಣವೂ ಇತ್ತು.

ಬಸುರಿಯರು ನುಂಗಿದ ಥಾಲಿಡೊಮೈಡ್ ಮಾತ್ರೆಯಿಂದ ಸಾವಿರಾರು ಮಕ್ಕಳು ಕೈಕಾಲಿನ ದೋಷದೊಂದಿಗೆ ಹುಟ್ಟಿದ ದುರಂತ 1961ರಲ್ಲಿ ಬಯಲಾದ ಮೇಲೆ ಗರ್ಭಿಣಿಗೆ ಕೊಡುವ ಪ್ರತಿ ಔಷಧವೂ ಅನುಮಾನಕ್ಕೆ ಗುರಿಯಾಯಿತು. ಅದೇ ದಶಕದ ಕೊನೆಗೆ ಡೆನ್ಮಾರ್ಕಿನ ಮನೋವೈದ್ಯ ಮೋಗೆನ್ಸ್ ಸ್ಕೌ ಮತ್ತಿತರರು 'ಲಿಥಿಯಂ ಶಿಶು'ಗಳ ನೋಂದಣಿ ಶುರುಮಾಡಿದರು. ಅದರಲ್ಲಿ ದಾಖಲಾದ 225 ಶಿಶುಗಳ ಪೈಕಿ 18ಕ್ಕೆ ಹೃದಯ, ರಕ್ತನಾಳದ ದೋಷ. ಆರಕ್ಕೆ ಎಬ್‌ಸ್ಟೀನ್ ದೋಷ, ಅಂದರೆ ಹೃದಯದ ಬಲಭಾಗದ ಕವಾಟ ಕೆಳಗೆ ಜಾರಿರುವುದು. ಸಾಮಾನ್ಯವಾಗಿ ಇದು ಕಾಣುವುದು ಸುಮಾರು 20,000 ಶಿಶುಗಳಲ್ಲಿ ಒಂದಕ್ಕೆ. ಬೆಚ್ಚಿಬೀಳದೆ ಇರುವುದು ಹೇಗೆ?

ಆದರೆ ಈ ನೋಂದಣಿಗೆ ಮಾಹಿತಿ ಕಳಿಸುವುದು ವೈದ್ಯರ ಇಚ್ಛೆಗೆ ಬಿಟ್ಟದ್ದಾಗಿತ್ತು. ಮಗು ಗುಂಡುಕಲ್ಲಿನಂತೆ ಹುಟ್ಟಿದರೆ ಯಾರು ಕೂತು ಪತ್ರ ಬರೆಯುತ್ತಾರೆ? ದೋಷವಿದ್ದ ಮಕ್ಕಳ ಸುದ್ದಿಯೇ ಹೆಚ್ಚಾಗಿ ಬಂತು, ಲೆಕ್ಕ ಒಂದೇ ಕಡೆ ವಾಲಿತು. ಎಬ್‌ಸ್ಟೀನ್ ಅಪಾಯ ಸಾವಿರದಿಂದ ಎರಡು ಸಾವಿರಕ್ಕೆ ಒಂದರಷ್ಟು ಎಂದು 1994ರ ಮರುಪರಿಶೀಲನೆ ಅಂದಾಜಿಸಿತು. 2017ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಮೊದಲ ಮೂರು ತಿಂಗಳಲ್ಲಿ ಲಿಥಿಯಂ ಸೋಕಿದ 663 ಶಿಶುಗಳನ್ನು ನೋಡಿತು. ಹೃದಯದೋಷ ಇದ್ದದ್ದು 16ಕ್ಕೆ, ನೂರಕ್ಕೆ 2.4, ಲಿಥಿಯಂ ಸೋಕದವರಲ್ಲಿ 1.15. ಡೋಸು ದಿನಕ್ಕೆ 900 ಮಿಲಿಗ್ರಾಂ ದಾಟಿದಲ್ಲಿ ಅಪಾಯ ಸುಮಾರು ಮೂರು ಪಟ್ಟು, 600ರ ಒಳಗಿದ್ದಲ್ಲಿ ಏರಿಕೆ ಅತ್ಯಲ್ಪ.

ಅಪಾಯ ಇಲ್ಲವೆಂದಲ್ಲ, ಭಯಪಟ್ಟಷ್ಟು ಇಲ್ಲ. ಮಾತ್ರೆ ಥಟ್ಟನೆ ಬಿಟ್ಟರೆ ಕಾಯಿಲೆ ಮರುಕಳಿಸುವ ಅಪಾಯವನ್ನು ಮಾತ್ರ ಹಳೆಯ ಲೆಕ್ಕದಲ್ಲಿ ಯಾರೂ ಸರಿಯಾಗಿ ಸೇರಿಸಿರಲಿಲ್ಲ. ಬಾಣಂತಿ ಸನ್ನಿ ಸಾಮಾನ್ಯವಾಗಿ ಸಾವಿರ ಹೆರಿಗೆಗೆ ಒಂದೆರಡು. ಬೈಪೋಲಾರ್ ಇರುವವರಲ್ಲಿ ಅದು ಎಷ್ಟೋ ಪಟ್ಟು ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ 2009ರಲ್ಲಿ ತಾಯಿ-ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡು ತೆರೆದದ್ದು ಇಂಥವರಿಗಾಗಿಯೇ.

ಮುಂದುವರಿಸುವುದೂ ಸಲೀಸಲ್ಲ. ಬಸುರಿಯ ಮೂತ್ರಪಿಂಡ ಲಿಥಿಯಂ ಅನ್ನು ಬೇಗ ಹೊರಹಾಕುವುದರಿಂದ ರಕ್ತದಲ್ಲಿನ ಮಟ್ಟ ಇಳಿಯುತ್ತದೆ, ಹೆರಿಗೆಯಾದೊಡನೆ ಮತ್ತೆ ಏರುತ್ತದೆ. ಪದೇಪದೇ ರಕ್ತಪರೀಕ್ಷೆ, ಹೃದಯ ನೋಡುವ ಸ್ಕ್ಯಾನು ಬೇಕು. ಮಗು ಬೇಕೆಂದುಕೊಂಡಾಗಲೇ ಮನೋವೈದ್ಯರ ಬಳಿ ಈ ಮಾತು ಎತ್ತಿದರೆ ಯೋಚಿಸಲು ಸಮಯವಾದರೂ ಸಿಗುತ್ತದೆ.

ಅದೇ ಕಾಯಿಲೆಗೆ ಕೊಡುವ ವಾಲ್‌ಪ್ರೊಯೇಟ್‌ನ ಕತೆ ತಿರುಗುಮುರುಗು. ಅಧ್ಯಯನ ನಡೆದಷ್ಟೂ ಅದರ ಅಪಾಯ ಹಿರಿದಾಗುತ್ತ ಹೋಯಿತು: ನೂರಕ್ಕೆ ಸುಮಾರು ಹತ್ತು ಶಿಶುಗಳಿಗೆ ಅಂಗದೋಷ, 30ರಿಂದ 40 ಮಕ್ಕಳಿಗೆ ಬೆಳವಣಿಗೆಯ ತೊಂದರೆ. ಗರ್ಭ ತಡೆಯುವ ಕಟ್ಟುನಿಟ್ಟಿನ ವ್ಯವಸ್ಥೆಯಿಲ್ಲದೆ ಹೆರುವ ವಯಸ್ಸಿನವರಿಗೆ ಅದನ್ನು ಕೊಡಬಾರದೆಂದು ಬ್ರಿಟನ್ 2018ರಲ್ಲಿ ನಿಯಮ ಮಾಡಿತು.