ತೇವಾಂಶ ಕಳೆದು ತೂಗಿದರೆ

ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟಿರುವ ನನ್ನ ಸೋದರಮಾವನಿಗೆ ಒದ್ದೆ ಹತ್ತಿ ಕೊಟ್ಟು ದಕ್ಕಿಸಿಕೊಂಡವರಿಲ್ಲ. ಅಂಡಿಗೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಂದು ಹಿಡಿ ಎಳೆದು ಹಿಸುಕಿ, ತೇವ ಎಷ್ಟಿದೆಯೆಂದು ಹೇಳಿಬಿಡುತ್ತಾರೆ. ಆಮೇಲೆ ಯಂತ್ರ ತೋರಿಸುವ ಅಂಕಿ ಅವರ ಮಾತಿನ ಆಸುಪಾಸಿನಲ್ಲೇ ಇರುತ್ತದೆ. ಬೆಂಬಲ ಬೆಲೆಯ ಖರೀದಿಯಲ್ಲಿ ತೇವಾಂಶ ಶೇ 8ನ್ನು ಮೀರಿದರೆ ದರ ಇಳಿಯುತ್ತದೆ, ಶೇ 12 ದಾಟಿದರೆ ಮಾಲು ವಾಪಸು. ನೀರಿಗೆ ಹತ್ತಿಯ ಬೆಲೆ ಕೊಡಬಾರದು, ಅಷ್ಟೇ ಲೆಕ್ಕ.

ಅಂಥ ಮಾವ ಕಳೆದ ವರ್ಷ ಯಾರದೋ ಮಾತು ಕೇಳಿ ತೂಕ ಇಳಿಸುವ ಪುಡಿಯ ದೊಡ್ಡ ಡಬ್ಬಿ ತಂದರು. ಜೊತೆಗೊಂದು ಚೀಟಿಯೂ ಬಂದಿತ್ತು: ಬೆಳಿಗ್ಗೆ ಒಗ್ಗರಣೆ, ಮಿರ್ಚಿ ಬೇಡ, ಅದರ ಬದಲು ಮಜ್ಜಿಗೆಯಲ್ಲಿ ಎರಡು ಚಮಚ ಪುಡಿ, ಮಧ್ಯಾಹ್ನ ಒಂದೇ ಜೋಳದ ರೊಟ್ಟಿ, ಪಲ್ಯ ಬೇಕಾದಷ್ಟು, ರಾತ್ರಿ ಅನ್ನ ಅರ್ಧ, ದಿನಕ್ಕೆ ಮುಕ್ಕಾಲು ಗಂಟೆ ನಡಿಗೆ. ಒಂದೇ ವಾರಕ್ಕೆ ಎರಡು ಕಿಲೊ ಇಳಿಯಿತು. ಫೋನಿನಲ್ಲಿ ಗೆದ್ದವರ ದನಿ: "ಈಗ ಏನನ್ನುತ್ತದಪ್ಪಾ ನಿನ್ನ ವಿಜ್ಞಾನ?"

ವಿಜ್ಞಾನ ಮೊದಲು ಮಾವನ ಕಸುಬಿನ ಮಾತನ್ನೇ ಹೇಳುತ್ತದೆ: ತೇವಾಂಶ ಕಳೆಯಿರಿ. ನಮ್ಮ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಎಂಬ ಪಿಷ್ಟದ ದಾಸ್ತಾನು ಇರುತ್ತದೆ, ವಯಸ್ಕರಲ್ಲಿ ಸುಮಾರು ಅರ್ಧ ಕಿಲೊ. ಅದರ ಪ್ರತಿ ಗ್ರಾಂ ತನ್ನೊಡನೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಅನ್ನ, ರೊಟ್ಟಿ ಕಡಿಮೆ ಮಾಡಿದ ಕೂಡಲೇ ದೇಹ ಮೊದಲು ಕೈ ಹಾಕುವುದು ಈ ದಾಸ್ತಾನಿಗೆ. ಅದು ಬರಿದಾಗುತ್ತಿದ್ದಂತೆ ನೀರೂ ಹೊರಟುಹೋಗುತ್ತದೆ. ಅರ್ಧ ಕಿಲೊ ಪಿಷ್ಟ, ಒಂದೂವರೆ ಕಿಲೊ ನೀರು. ಮಾವನ ಎರಡು ಕಿಲೊಗೆ ಬೇರೆ ವಿವರಣೆಯೇ ಬೇಕಾಗಿಲ್ಲ. ಕೊಬ್ಬು ಇಷ್ಟು ಬೇಗ ಕರಗುವ ವಸ್ತುವಲ್ಲ: ಒಂದು ಕಿಲೊ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ, ಅಂದರೆ ದುಡಿಯುವ ಗಂಡಸೊಬ್ಬ ಮೂರು ದಿನ ಉಣ್ಣುವಷ್ಟು. ಸಿಂಧನೂರಿನ ಮದುವೆಯಲ್ಲಿ ಎರಡು ದಿನ ಉಂಡು ಬಂದ ಮಾವನ ತೂಕ ಮತ್ತೆ ಏರಿತು. ಅವರು ಪುಡಿ ಮರೆತದ್ದೇ ಕಾರಣ ಎಂದುಕೊಂಡರು.

ನಿಜ, ಮೂರು ತಿಂಗಳಲ್ಲಿ ನಾಲ್ಕು ಕಿಲೊ ಇಳಿದು ಅಲ್ಲಿಯೇ ನಿಂತಿತು. ಅದು ನೀರಲ್ಲ. ಆದರೆ ಅದರಲ್ಲಿ ಡಬ್ಬಿಯ ಪಾಲೆಷ್ಟು, ಚೀಟಿಯ ಪಾಲೆಷ್ಟು? ಒಬ್ಬ ಮಾವನನ್ನು ತೂಗಿದರೆ ಇದು ಗೊತ್ತಾಗುವುದಿಲ್ಲ. ಚೀಟಿಯನ್ನು ಎಲ್ಲರಿಗೂ ಕೊಟ್ಟು, ಅರ್ಧ ಜನರಿಗೆ ಮಾತ್ರ ನಿಜವಾದ ಮದ್ದು, ಉಳಿದವರಿಗೆ ನೋಡಲು ಹಾಗೆಯೇ ಇರುವ ಹುಸಿ ಗುಳಿಗೆ ಕೊಟ್ಟು, ಕೊನೆಗೆ ಒಂದರಿಂದ ಇನ್ನೊಂದನ್ನು ಕಳೆಯಬೇಕು.

ಮಾವನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿದ್ದ ವಸ್ತುವಿನ ಮೇಲೆ ಇಂಥ ಪರೀಕ್ಷೆ ನಡೆದಿದೆ. ಗಾರ್ಸೀನಿಯಾ ಕ್ಯಾಂಬೋಜಿಯಾ ಎಂದರೆ ಯಾವುದೋ ಸಾಗರದಾಚೆಯ ಮೂಲಿಕೆ ಎಂದು ಅವರು ತಿಳಿದಿದ್ದರು. ಅದು ಶಿರಸಿ ಕಡೆಯ ಕಾಡಿನ ಉಪ್ಪಾಗೆ! ಅದರ ಸಿಪ್ಪೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಸಕ್ಕರೆಯನ್ನು ಕೊಬ್ಬಾಗಿ ಮಾರ್ಪಡಿಸುವ ಕಿಣ್ವವೊಂದನ್ನು ತಡೆಯುತ್ತದೆ. ಇಲಿಗಳಲ್ಲಿ ಇದು ಚೆನ್ನಾಗಿ ಕೆಲಸ ಮಾಡಿತು. ಮನುಷ್ಯರ ಕಥೆ ಬೇರೆ. ನಾವು ತಿಂದ ಅನ್ನ, ಜೋಳದ ಪಿಷ್ಟವನ್ನು ದೇಹ ಹೆಚ್ಚಾಗಿ ಉರಿಸಿಬಿಡುತ್ತದೆ. ಸೊಂಟದ ಸುತ್ತ ಕೂರುವುದು ಬಹುಪಾಲು ನಾವು ಎಣ್ಣೆ, ತುಪ್ಪದ ರೂಪದಲ್ಲಿಯೇ ತಿಂದ ಕೊಬ್ಬು. ಜನ ಓಡಾಡದ ದಾರಿಗೆ ಬೇಲಿ ಹಾಕಿದ ಹಾಗಾಯಿತು. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 135 ಜನರಿಗೆ 12 ವಾರ ಒಂದೇ ಬಗೆಯ ಮಿತ ಆಹಾರ ಹೇಳಲಾಗಿತ್ತು. ಉಪ್ಪಾಗೆಯ ಸಾರ ತಿಂದವರು ಸರಾಸರಿ 3.2 ಕಿಲೊ ಇಳಿದರು, ಹುಸಿ ಗುಳಿಗೆಯವರು 4.1 ಕಿಲೊ. ಈ ವ್ಯತ್ಯಾಸ ಆಕಸ್ಮಿಕವಾಗಿ ಬರಬಹುದಾದಷ್ಟು ಚಿಕ್ಕದು. ಹಾಗಾಗಿ ಉಪ್ಪಾಗೆ ತೂಕ ಹೆಚ್ಚಿಸುತ್ತದೆ ಎನ್ನಬಾರದು. ಕಳೆದರೆ ಉಳಿಯುವುದು ಸೊನ್ನೆ ಎನ್ನಬಹುದು.

ಡಬ್ಬಿಯ ಎರಡನೆಯ ವಸ್ತು ಗ್ರೀನ್ ಟೀ ಸಾರ ಮತ್ತು ಕೆಫೀನ್. "ಚಯಾಪಚಯ ಚುರುಕಾಗುತ್ತದೆ" ಎಂದು ಬರೆದಿತ್ತು. ಸುಳ್ಳಲ್ಲ. ಒಂದು ಲೋಟ ಗಟ್ಟಿ ಕಾಫಿಯಲ್ಲಿರುವಷ್ಟು, ಅಂದರೆ 100 ಮಿಲಿಗ್ರಾಂ ಕೆಫೀನ್, ವಿಶ್ರಾಂತಿಯಲ್ಲಿರುವ ದೇಹದ ಉರಿತವನ್ನು ಸುಮಾರು 150 ನಿಮಿಷಗಳ ಕಾಲ ಶೇ 3ರಿಂದ 4ರಷ್ಟು ಏರಿಸುತ್ತದೆ. ಸುಮ್ಮನೆ ಕುಳಿತವರು ನಿಮಿಷಕ್ಕೆ ಒಂದು ಕ್ಯಾಲೊರಿ ಉರಿಸುತ್ತಾರೆ ಎಂದಿಟ್ಟುಕೊಳ್ಳಿ. 150 ಕ್ಯಾಲೊರಿಗೆ ಶೇ 4 ಎಂದರೆ ಆರು. ಒಂದು ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇರುತ್ತದೆ. ಬಾಣಲೆಯಿಂದ ಎದ್ದ ಮಿರ್ಚಿಯನ್ನು ಕಾಗದದ ಮೇಲಿಟ್ಟು ನೋಡಿದವರಿಗೆ ಉಳಿದದ್ದನ್ನು ಹೇಳಬೇಕಾಗಿಲ್ಲ.

ನಾರಿನ ಪುಡಿಗಳ ಬಗ್ಗೆ ನನಗೆ ತುಸು ಮೃದು ಭಾವವಿದೆ. ಗ್ಲೂಕೊಮನ್ನಾನ್ ಎಂಬ ಗೆಡ್ಡೆಯ ನಾರು ನೀರು ಕುಡಿದು ಉಬ್ಬಿ ಹೊಟ್ಟೆ ತುಂಬಿಸುತ್ತದೆ. ಮಿತ ಊಟದ ಜೊತೆ ದಿನಕ್ಕೆ ಮೂರು ಗ್ರಾಂ ತಿಂದರೆ ತೂಕ ಇಳಿಸಲು ನೆರವಾದೀತು ಎಂಬ ಮಾತನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2010ರಲ್ಲಿ ಒಪ್ಪಿತು. ನೀರು ಕಡಿಮೆ ಕುಡಿದರೆ ಮಾತ್ರ ಗಂಟಲಲ್ಲೇ ಉಬ್ಬಿ ಉಸಿರು ಕಟ್ಟಿಸಬಲ್ಲದು.

ಕಳೆದ ಮೇಲೂ ಉಳಿಯುವುದು ಎಂದರೆ ಹೇಗಿರುತ್ತದೆ? ಸೆಮಾಗ್ಲುಟೈಡ್ ಚುಚ್ಚುಮದ್ದಿನ ಪರೀಕ್ಷೆಯಲ್ಲಿ 68 ವಾರಗಳಲ್ಲಿ ತೂಕ ಸರಾಸರಿ ಶೇ 15ರಷ್ಟು ಇಳಿಯಿತು, ಹುಸಿ ಮದ್ದಿನವರದು ಶೇ 2.4. ಆದರೆ ಅದು ವೈದ್ಯರು ಬರೆದುಕೊಡುವ ಔಷಧ, ಅಡ್ಡಪರಿಣಾಮಗಳೂ ಇವೆ. ಡಬ್ಬಿಯ ಪುಡಿ ಕಾನೂನಿನ ಕಣ್ಣಿನಲ್ಲಿ ಆಹಾರದ ಸಾಲಿಗೆ ಸೇರಿದ್ದು. ಮಾರಾಟಕ್ಕೆ ಮೊದಲು ಔಷಧದಂತೆ ರೋಗಿಗಳ ಮೇಲೆ ಪರೀಕ್ಷೆಯಾಗಿ ಗೆದ್ದು ಬರಬೇಕಾಗಿಲ್ಲ. ಔಷಧವಾಗಿ ಬಳಸುವಂತಿಲ್ಲ ಎಂದು ಡಬ್ಬಿಯ ಮೇಲೆಯೇ ಸಣ್ಣಕ್ಷರದಲ್ಲಿ ಬರೆದಿರುತ್ತದೆ.

ನನಗೆ ಹೆದರಿಕೆ ಇರುವುದು ಕೆಲಸ ಮಾಡದ ಡಬ್ಬಿಯ ಬಗ್ಗೆ ಅಲ್ಲ, ಅತಿಯಾಗಿ ಕೆಲಸ ಮಾಡುವ ಡಬ್ಬಿಯ ಬಗ್ಗೆ. ಸಿಬುಟ್ರಮಿನ್ ಎಂಬ ಹಸಿವು ಅಡಗಿಸುವ ಔಷಧ ಹೃದಯಾಘಾತ, ಪಾರ್ಶ್ವವಾಯುಗಳ ಅಪಾಯ ಹೆಚ್ಚಿಸುತ್ತದೆಂದು 2010ರಲ್ಲಿ ಅಮೆರಿಕ, ಯುರೋಪಿನ ಮಾರುಕಟ್ಟೆಗಳಿಂದ ಹೊರಬಿತ್ತು. ಭಾರತ 2011ರಲ್ಲಿ ನಿಷೇಧಿಸಿತು. ಆಮೇಲೂ ಅದು "ಅಪ್ಪಟ ಗಿಡಮೂಲಿಕೆ" ಎಂಬ ಹೆಸರಿನ ಗುಳಿಗೆಗಳಲ್ಲಿ ಕಲಬೆರಕೆಯಾಗಿ ಸಿಗುತ್ತಲೇ ಬಂದಿದೆ. ಉಪ್ಪಾಗೆಯ ಸಾರ, ಗ್ರೀನ್ ಟೀಯ ಗಟ್ಟಿ ಸಾರ ಯಕೃತ್ತಿಗೆ ಪೆಟ್ಟು ಕೊಟ್ಟ ಪ್ರಕರಣಗಳೂ ವೈದ್ಯಕೀಯ ವರದಿಗಳಲ್ಲಿವೆ. ಇದು ಅಪರೂಪ, ಆದರೆ ಡಬ್ಬಿಯ ವಿಷಯವನ್ನು ರೋಗಿ ಬಾಯಿ ಬಿಡದಿದ್ದರೆ ವೈದ್ಯರಿಗೆ ಕಾರಣ ಹೊಳೆಯುವುದು ಕಷ್ಟ.

ಮಾವನಿಗೆ ರಕ್ತದೊತ್ತಡದ ಮಾತ್ರೆ ಇದೆ. ಮುಂದಿನ ಸಲ ತೋರಿಸಲು ಹೋದಾಗ ನನ್ನ ಕಾಟ ತಾಳಲಾರದೆ ಡಬ್ಬಿಯನ್ನೂ ಕೈಚೀಲದಲ್ಲಿ ಒಯ್ದರು. ವೈದ್ಯರು ಕನ್ನಡಕ ಏರಿಸಿ ಸಣ್ಣಕ್ಷರವನ್ನೆಲ್ಲ ಓದಿ, ಪುಡಿ ನಿಲ್ಲಿಸಲು ಹೇಳಿ, ಯಕೃತ್ತಿನ ರಕ್ತಪರೀಕ್ಷೆಗೆ ಬರೆದರು. ವರದಿ ಸರಿಯಾಗಿತ್ತು. ಈಗ ಆ ಡಬ್ಬಿಯಲ್ಲಿ ಅಂಡಿಗೆ ಹೊಲಿಯುವ ದಬ್ಬಣ, ಸುತಳಿ ಇವೆ. ಚೀಟಿ ಮಾತ್ರ ಗಲ್ಲಾದ ಹಿಂದಿನ ಗೋಡೆಯ ಮೇಲೆ, ಪಂಚಾಂಗದ ಪಕ್ಕದಲ್ಲಿ, ಇನ್ನೂ ಅಂಟಿಕೊಂಡಿದೆ.