ಸೋಲಾರ್ ಪ್ಯಾನೆಲ್‌ಗಿಂತ ಮೊದಲು ಮಾಸ್ ಬ್ಯಾಲೆನ್ಸ್

ಕೆಮಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದ ಡಿಸೈನ್ ಪ್ರಾಜೆಕ್ಟ್ ವರದಿಗಳಲ್ಲಿ 'ಸುಸ್ಥಿರತೆ' ಎಂಬ ಅಧ್ಯಾಯ ಬರುವುದು ಹೆಚ್ಚಾಗಿ ಕೊನೆಗೆ. ಚಾವಣಿಯ ಮೇಲೆ ಸೋಲಾರ್ ಪ್ಯಾನೆಲ್, ಕಾಂಪೌಂಡ್ ಸುತ್ತ ಗಿಡ, ಮಳೆನೀರಿಗೊಂದು ಹೊಂಡ. ಇದರಲ್ಲಿ ತಪ್ಪೇನಿಲ್ಲ, ಆದರೆ ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ. ಯಾವ ರಾಸಾಯನಿಕ ಕ್ರಿಯೆ, ಯಾವ ದ್ರಾವಕ ಎಂದು ಮೊದಲ ಪುಟದಲ್ಲಿ ಬರೆದಾಗಲೇ ಕಾರ್ಖಾನೆಯ ತ್ಯಾಜ್ಯವೆಷ್ಟು, ಹಬೆಯೆಷ್ಟು ಎಂಬುದರ ಬಹುಪಾಲು ತೀರ್ಮಾನವಾಗಿರುತ್ತದೆ. ಹಾಗಾಗಿ ಮೊದಲು ಬೇಕಾದದ್ದು ಮಾಸ್ ಬ್ಯಾಲೆನ್ಸ್, ಅಂದರೆ ಒಳಗೆ ಹೋದ ವಸ್ತುವೆಷ್ಟು, ಹೊರಬಂದದ್ದೆಷ್ಟು ಎಂಬ ಲೆಕ್ಕ.

ನೋವಿನ ಮಾತ್ರೆ ಐಬುಪ್ರೊಫೆನ್ ಇದಕ್ಕೆ ಒಳ್ಳೆಯ ಪಾಠ. ಬ್ರಿಟನ್ನಿನ ಬೂಟ್ಸ್ ಕಂಪನಿ 1960ರ ದಶಕದಲ್ಲಿ ರೂಪಿಸಿದ ಮಾರ್ಗಕ್ಕೆ ಆರು ಹಂತ. 1992ರಲ್ಲಿ ಅಮೆರಿಕದ ಟೆಕ್ಸಸ್‌ನ ಬಿಷಪ್ ಊರಿನಲ್ಲಿ ಶುರುವಾದ ಬಿಎಚ್‌ಸಿ ಕಂಪನಿಯ ಮಾರ್ಗಕ್ಕೆ ಮೂರೇ ಹಂತ. ಎರಡೂ ಐಸೊಬ್ಯೂಟೈಲ್ ಬೆಂಜೀನ್‌ನಿಂದಲೇ ಹೊರಡುತ್ತವೆ. ಹೊಸ ಮಾರ್ಗದ ಲೆಕ್ಕವನ್ನು ಅಣುತೂಕಗಳಿಂದ ಕೈಯಲ್ಲೇ ಮಾಡಬಹುದು: ಐಸೊಬ್ಯೂಟೈಲ್ ಬೆಂಜೀನ್ 134, ಅಸಿಟಿಕ್ ಅನ್‌ಹೈಡ್ರೈಡ್ 102, ಹೈಡ್ರೋಜನ್ 2, ಕಾರ್ಬನ್ ಮಾನಾಕ್ಸೈಡ್ 28. ಒಟ್ಟು 266. ಐಬುಪ್ರೊಫೆನ್‌ನ ಅಣುತೂಕ 206. 206ನ್ನು 266ರಿಂದ ಭಾಗಿಸಿದರೆ ಶೇ 77, ಅಂದರೆ ಹಾಕಿದ ವಸ್ತುವಿನಲ್ಲಿ ಉತ್ಪನ್ನವಾಗಿ ಹೊರಬರುವ ಪಾಲು. ರಸಾಯನಶಾಸ್ತ್ರಜ್ಞ ಬ್ಯಾರಿ ಟ್ರಾಸ್ಟ್ 1991ರಲ್ಲಿ 'ಆಟಮ್ ಎಕಾನಮಿ' ಎಂದು ಹೆಸರಿಟ್ಟದ್ದು ಇದಕ್ಕೇ. ಹಳೆಯ ಮಾರ್ಗದಲ್ಲಿ ಇದು ಶೇ 40. ಉಳಿದ 60 ಅಂಶದ ಅಸಿಟಿಕ್ ಆಮ್ಲವನ್ನೂ ಹಿಡಿದು ಮಾರಿದರೆ ಹೊಸ ಮಾರ್ಗದಲ್ಲಿ ವ್ಯರ್ಥವಾಗುವುದು ತೀರ ಕಡಿಮೆ.

ವಿದ್ಯಾರ್ಥಿಗಳು ಇಲ್ಲಿ ಎರಡು ಕಡೆ ಎಡವುತ್ತಾರೆ. ಹಳೆಯ ಮಾರ್ಗದ ಮೊದಲ ಹಂತದ ಅಲ್ಯೂಮಿನಿಯಂ ಕ್ಲೋರೈಡ್‌ಗೆ 'ವೇಗವರ್ಧಕ' ಎಂಬ ಹೆಸರಿದೆ, ಹಾಗಾಗಿ ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜದಲ್ಲಿ ಅದು ಕ್ರಿಯಾವಸ್ತುಗಳಷ್ಟೇ ಪ್ರಮಾಣದಲ್ಲಿ ಬೇಕು, ಕೊನೆಗೆ ನೀರು ಹಾಕಿ ತೊಳೆದಾಗ ಪೂರ್ತಿ ತ್ಯಾಜ್ಯವಾಗುತ್ತದೆ. ಇನ್ನೊಂದು, ಹೊಸ ಮಾರ್ಗದಲ್ಲಿ ಅದರ ಜಾಗಕ್ಕೆ ಬಂದದ್ದು ಹೈಡ್ರೋಜನ್ ಫ್ಲೋರೈಡ್. ಅದನ್ನು ಹೆಚ್ಚುಕಡಿಮೆ ಪೂರ್ತಿ ಹಿಂಪಡೆದು ಮತ್ತೆ ಬಳಸುತ್ತಾರೆ, ನಿಜ. ಆದರೆ ಅದು ಚರ್ಮಕ್ಕೆ ತಾಗಿದರೆ ಒಳಗಿಳಿದು ಮೂಳೆಯನ್ನೇ ಹಾಳುಮಾಡಬಲ್ಲ ವಿಷ. ಶೇ 77 ಎಂಬ ಅಂಕಿ ಇದರ ಬಗ್ಗೆ ಒಂದಕ್ಷರವನ್ನೂ ಹೇಳುವುದಿಲ್ಲ. ಹಾಗಾಗಿ ಆಟಮ್ ಎಕಾನಮಿಯ ಪಕ್ಕದಲ್ಲೇ ಯಾವ ವಿಷವಸ್ತು ಎಷ್ಟು ಟನ್ ದಾಸ್ತಾನು ಇರುತ್ತದೆ ಎಂಬ ಪಟ್ಟಿಯನ್ನೂ ಬರೆಯಿರಿ. 1984ರ ಭೋಪಾಲ್‌ನಲ್ಲಿ ಸೋರಿದ ಮೀಥೈಲ್ ಐಸೊಸಯನೇಟ್ ಅಂತಿಮ ಉತ್ಪನ್ನವಲ್ಲ, ಕಚ್ಚಾವಸ್ತುವೂ ಅಲ್ಲ. ನಡುವಿನ ಹಂತದ ವಸ್ತು, ಟ್ಯಾಂಕಿನಲ್ಲಿ ಕೂಡಿಟ್ಟದ್ದು.

ಆಟಮ್ ಎಕಾನಮಿ ಕಾಗದದ ಮೇಲಿನ ಸಮೀಕರಣಕ್ಕೆ ಸರಿ. ಕಾರ್ಖಾನೆಗೆ ಬೇಕಾದದ್ದು ರಸಾಯನಶಾಸ್ತ್ರಜ್ಞ ರೋಜರ್ ಶೆಲ್ಡನ್ ಅವರ ಇ-ಫ್ಯಾಕ್ಟರ್, ಅಂದರೆ ಒಂದು ಕಿಲೋ ಉತ್ಪನ್ನಕ್ಕೆ ಎಷ್ಟು ಕಿಲೋ ತ್ಯಾಜ್ಯ ಎಂಬುದು. ಪೆಟ್ರೋಲ್ ಸಂಸ್ಕರಣೆಯಲ್ಲಿ ಇದು 0.1ರ ಆಸುಪಾಸು, ಔಷಧ ತಯಾರಿಕೆಯಲ್ಲಿ 25ರಿಂದ 100ಕ್ಕೂ ಮೇಲೆ. ಔಷಧದಲ್ಲಿ ಅದರ ದೊಡ್ಡ ಪಾಲು ದ್ರಾವಕದ್ದು. ಕಿಲೋ ಉತ್ಪನ್ನಕ್ಕೆ 20 ಕಿಲೋ ಟಾಲ್ವೀನ್ ಬಳಸಿ ಶೇ 90ರಷ್ಟು ಹಿಂಪಡೆದರೆ 2 ಕಿಲೋ ನಷ್ಟ, ಶೇ 98 ಹಿಂಪಡೆದರೆ 0.4 ಕಿಲೋ. 'ಹಾಗಾದರೆ ಭಟ್ಟಿ ಇಳಿಸಿಬಿಡೋಣ' ಎಂದು ಇಲ್ಲಿಗೇ ನಿಲ್ಲಿಸುವವರೇ ಹೆಚ್ಚು. ರಿಫ್ಲಕ್ಸ್ ಅನುಪಾತ 1, ಅಂದರೆ ಹೊರತೆಗೆದಷ್ಟೇ ದ್ರವ ಭಟ್ಟಿಯ ಕಾಲಂಗೆ ವಾಪಸ್, ಎಂದಿಟ್ಟುಕೊಂಡರೆ ಕಾಲಂನ ತುದಿಗೆ ಏರುವ ಆವಿ ಸುಮಾರು 40 ಕಿಲೋ. ಟಾಲ್ವೀನ್ ಕಿಲೋಗೆ ಸುಮಾರು 360 ಕಿಲೋಜೌಲ್‌ನಂತೆ 14 ಮೆಗಾಜೌಲ್, ಎಂದರೆ 7 ಕಿಲೋ ಹಬೆ. ಒಂದು ಕಿಲೋ ಮಾಲಿಗೆ ಏಳು ಕಿಲೋ ಹಬೆ! ದ್ರಾವಕವನ್ನೇ 20ರಿಂದ 8 ಕಿಲೋಗೆ ಇಳಿಸಲು ಆಗುವುದೇ ಎಂದು ಮೊದಲು ಕೇಳಬೇಕು.

ಮರುಬಳಕೆಯ ಲೂಪ್ ಹಾಕಿದ ಕೂಡಲೇ ಸಿಮ್ಯುಲೇಷನ್ ಕನ್ವರ್ಜ್ ಆಗುವುದಿಲ್ಲ, ಅಂದರೆ ಲೆಕ್ಕ ಒಂದು ಉತ್ತರಕ್ಕೆ ಬಂದು ನಿಲ್ಲುವುದಿಲ್ಲ ಎಂಬ ದೂರು ಶುರುವಾಗುತ್ತದೆ. ಬೈಗಳು ಡಿಡಬ್ಲ್ಯುಸಿಮ್‌ಗೋ ಆಸ್ಪೆನ್‌ಗೋ ಬೀಳುತ್ತದೆ. ಎಷ್ಟೋ ಸಲ ಸಾಫ್ಟ್‌ವೇರ್ ಹೇಳುತ್ತಿರುವುದು ನಿಜವನ್ನೇ: ಒಳಗೆ ಬಂದ ಕಶ್ಮಲಕ್ಕೆ ಹೊರಗೆ ಹೋಗಲು ದಾರಿಯಿಲ್ಲ. ಗಂಟೆಗೆ 1 ಕಿಲೋ ಜಡ ಕಶ್ಮಲ ಫೀಡ್‌ನಲ್ಲಿ ಬರುತ್ತಿದ್ದು, ಲೂಪ್‌ನಲ್ಲಿ ಅದು ಶೇ 5 ಮೀರಬಾರದು ಎಂದರೆ ಗಂಟೆಗೆ 20 ಕಿಲೋ ಹೊರಬಿಡಲೇಬೇಕು. 'ಶೂನ್ಯ ತ್ಯಾಜ್ಯ' ಎಂದು ಬರೆದ ವರದಿ ಅದರ ಜೊತೆ ಹೋಗುವ 19 ಕಿಲೋ ಒಳ್ಳೆಯ ಮಾಲನ್ನು ಮರೆತಿರುತ್ತದೆ.

ಶಾಖದ ಲೆಕ್ಕದಲ್ಲೂ ಇಂಥದೇ ಒಂದು ಮೋಸವಿದೆ. ಬಿಸಿ ಹರಿವೊಂದು 150 ಡಿಗ್ರಿಯಿಂದ 50 ಡಿಗ್ರಿಗೆ ಇಳಿಯಬೇಕು, ಡಿಗ್ರಿಗೆ 2 ಕಿಲೋವಾಟ್. ತಣ್ಣನೆಯದು 80ರಿಂದ 140ಕ್ಕೆ ಏರಬೇಕು, ಡಿಗ್ರಿಗೆ 3 ಕಿಲೋವಾಟ್. ಸಿಗುವುದು 200, ಬೇಕಾದದ್ದು 180. ಹಬೆಯೇ ಬೇಡ, 20 ಕಿಲೋವಾಟ್ ತಣಿಸಿದರೆ ಸಾಕು ಎನಿಸುತ್ತದೆ. ಆದರೆ ಒಂದರ ಶಾಖ ಇನ್ನೊಂದಕ್ಕೆ ದಾಟುವ ಎಕ್ಸ್‌ಚೇಂಜರ್‌ನಲ್ಲಿ ಎರಡರ ನಡುವೆ ಕನಿಷ್ಠ 10 ಡಿಗ್ರಿ ಅಂತರ ಬೇಕು. 80 ಡಿಗ್ರಿಯ ಹರಿವಿಗೆ ಶಾಖ ಕೊಡಲು ಬಿಸಿ ಹರಿವು 90ಕ್ಕಿಂತ ಕೆಳಗಿಳಿಯುವಂತಿಲ್ಲ. 150ರಿಂದ 90ರವರೆಗೆ ಸಿಗುವುದು 120 ಕಿಲೋವಾಟ್ ಮಾತ್ರ. ಉಳಿದ 60ಕ್ಕೆ ಹಬೆ ಬೇಕು, ಇತ್ತ 80 ಕಿಲೋವಾಟ್ ಕೂಲಿಂಗ್ ಟವರ್‌ಗೆ ಹೋಗುತ್ತದೆ. 90 ಮತ್ತು 80ರ ಈ ಇಕ್ಕಟ್ಟಿನ ಜಾಗವೇ ಪಿಂಚ್. ಅದಕ್ಕಿಂತ ಮೇಲಿರುವ ಬಿಸಿ ಹರಿವಿಗೆ ತಣ್ಣೀರು ಕೊಟ್ಟಿರೋ, ಕೊಟ್ಟಷ್ಟೇ ಹಬೆ ಹೆಚ್ಚುವರಿಯಾಗಿ ಖರ್ಚು. ಅಂತರವನ್ನು 5 ಡಿಗ್ರಿಗೆ ಇಳಿಸಿದರೆ ಹಬೆ 60ರಿಂದ 50 ಕಿಲೋವಾಟ್‌ಗೆ ಇಳಿಯುತ್ತದೆ, ಎಕ್ಸ್‌ಚೇಂಜರ್ ಮಾತ್ರ ದೊಡ್ಡದಾಗುತ್ತದೆ. ಎರಡನ್ನೂ ರೂಪಾಯಿಯಲ್ಲಿ ತೂಗಿ ನೋಡದೆ '10 ಡಿಗ್ರಿ' ಎಂದು ಕಣ್ಣುಮುಚ್ಚಿ ಬರೆಯಬೇಡಿ.

ಜೀವನಚಕ್ರ ವಿಶ್ಲೇಷಣೆ, ಅಂದರೆ ಕಚ್ಚಾವಸ್ತುವಿನಿಂದ ಕೊನೆಯವರೆಗಿನ ಪರಿಸರದ ಹೊರೆಯ ಲೆಕ್ಕ, ಎಲ್ಲಕ್ಕಿಂತ ಜಾರುವ ನೆಲ. ಅದಕ್ಕೆ ಓಪನ್‌ಎಲ್‌ಸಿಎ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಗುಂಡಿ ಒತ್ತಿದರೆ ಅಂಕಿ ಬರುತ್ತದೆ. ಆದರೆ ಅದರೊಳಗೆ ಯುರೋಪಿನ ವಿದ್ಯುತ್ತಿನ ದತ್ತಾಂಶ ಹಾಗೇ ಉಳಿದಿರುತ್ತದೆ. ಭಾರತದ ಗ್ರಿಡ್‌ನಲ್ಲಿ ಯೂನಿಟ್‌ಗೆ ಸುಮಾರು 0.7 ಕಿಲೋ ಕಾರ್ಬನ್ ಡೈಆಕ್ಸೈಡ್. ಬೆಳಗಾವಿ, ಮಂಡ್ಯ ಕಡೆಯ ಸಕ್ಕರೆ ಕಾರ್ಖಾನೆಯ ಎಥನಾಲ್ ಘಟಕವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡರೆ ಅದನ್ನೂ ಕಣ್ಣುಮುಚ್ಚಿ ಹಾಕುವಂತಿಲ್ಲ. ಕಬ್ಬಿನ ಸಿಪ್ಪೆ ಸುಟ್ಟು ತನ್ನ ವಿದ್ಯುತ್ತನ್ನು ತಾನೇ ಮಾಡಿಕೊಳ್ಳುವ ಕಾರ್ಖಾನೆಗೆ ಗ್ರಿಡ್‌ನ ಅಂಕಿ ಹೊಂದುವುದಿಲ್ಲ.

ಅದಕ್ಕಿಂತ ದೊಡ್ಡ ತೊಡಕು ಹಂಚಿಕೆಯದು. ಒಂದು ಟನ್ ಕಬ್ಬಿನಿಂದ ಸುಮಾರು 100 ಕಿಲೋ ಸಕ್ಕರೆ, ಎಥನಾಲ್‌ಗೆ ಕಚ್ಚಾವಸ್ತುವಾಗುವ 45 ಕಿಲೋ ಕಾಕಂಬಿ. ಗದ್ದೆಯ ಗೊಬ್ಬರ, ಪಂಪ್‌ಸೆಟ್, ಲಾರಿ ಇವೆಲ್ಲದರ ಹೊರೆಯಲ್ಲಿ ಕಾಕಂಬಿಯ ಪಾಲೆಷ್ಟು? ತೂಕದಂತೆ ಹಂಚಿದರೆ 145ರಲ್ಲಿ 45, ಶೇ 31. ಸಕ್ಕರೆಯ ಬೆಲೆ ಕಾಕಂಬಿಯ ಮೂರರಷ್ಟು ಎಂದುಕೊಂಡು ಬೆಲೆಯಂತೆ ಹಂಚಿದರೆ 345ರಲ್ಲಿ 45, ಶೇ 13. ಅದೇ ಗದ್ದೆ, ಅದೇ ಗಾಣ, ಆದರೆ ಎಥನಾಲ್‌ನ ಪಾಲಿಗೆ ಬರುವ ಗದ್ದೆಯ ಹೊರೆ ಅರ್ಧಕ್ಕಿಂತ ಕಡಿಮೆಯಾಯಿತು. ವೈವಾದಲ್ಲಿ ಮೊದಲ ಪ್ರಶ್ನೆ ಬೀಳುವುದು ಇಲ್ಲಿಗೇ. ಎರಡೂ ಅಂಕಿಗಳನ್ನು ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಕೊಟ್ಟು, ಯಾವುದನ್ನು ಏಕೆ ಆರಿಸಿದಿರಿ ಎಂದು ಅದರ ಕೆಳಗೇ ಎರಡು ಸಾಲು ಬರೆಯಿರಿ.