ಗೋಡೆಗೆ ಕಿವಿ ಚುಚ್ಚುವ ಹುಡುಗಿ

ಜಪಾನಿನ ಮಾಂಗಾಗಳಲ್ಲಿ, ಅಂದರೆ ಚಿತ್ರಕಥೆಗಳಲ್ಲಿ, ಶಬ್ದವನ್ನೇ ಆಯುಧ ಮಾಡಿಕೊಂಡ ಪಾತ್ರಗಳಿಗೆ ಬರವಿಲ್ಲ. ಹೆಚ್ಚಿನವರು ಬಾಯಿ ತೆರೆದು ಕಿರುಚುತ್ತಾರೆ, ಎದುರಿಗಿದ್ದವರು ಹಾರಿ ಬೀಳುತ್ತಾರೆ. ಕ್ಯೋಕಾ ಜಿರೋ ಹಾಗಲ್ಲ. ಕೊಹೆಯಿ ಹೊರಿಕೊಶಿ 2014ರಿಂದ 2024ರವರೆಗೆ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಗೆ ಬರೆದ ‘ಮೈ ಹೀರೋ ಅಕಾಡೆಮಿಯಾ’ದಲ್ಲಿ ಈಕೆ ಹೀರೋ ವಿದ್ಯೆ ಕಲಿಯುತ್ತಿರುವ ಶಾಲಾ ಹುಡುಗಿ. ಎರಡೂ ಕಿವಿಹಾಲೆಗಳು ವೈರಿನ ಹಾಗೆ ನೇತಾಡುತ್ತವೆ, ತುದಿಯಲ್ಲಿ ಇಯರ್‌ಫೋನ್ ಪಿನ್. ಅದನ್ನು ಗೋಡೆಗೋ ನೆಲಕ್ಕೋ ಚುಚ್ಚಿದಳೆಂದರೆ ಆಚೆ ಓಡಾಡುವವರ ಹೆಜ್ಜೆಸಪ್ಪಳ ಕೇಳುತ್ತದೆ. ಅದೇ ಪಿನ್ನಿನಿಂದ ತನ್ನ ಎದೆಬಡಿತವನ್ನು ಹಿಗ್ಗಿಸಿ ಹೊರಗೆ ಕಳಿಸಿದರೆ ಬಂಡೆ ಬಿರಿಯುತ್ತದೆ.

ಈ ಕಲ್ಪನೆಯ ಜಾಣತನವೆಲ್ಲ ಇರುವುದು ಆ ಚುಚ್ಚುವುದರಲ್ಲಿ. ಸದ್ದು ಎಷ್ಟು ಜೋರು ಎಂಬುದು ಆಮೇಲಿನ ಮಾತು.

ಯಾವುದೇ ವಸ್ತುವಿನ ಸಾಂದ್ರತೆಯನ್ನು ಅದರೊಳಗೆ ಶಬ್ದ ಸಾಗುವ ವೇಗದಿಂದ ಗುಣಿಸಿದರೆ ಒಂದು ಸಂಖ್ಯೆ ಸಿಗುತ್ತದೆ. ಎರಡು ವಸ್ತುಗಳ ಈ ಸಂಖ್ಯೆ ಹತ್ತಿರಹತ್ತಿರ ಇದ್ದರೆ ಶಬ್ದ ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ. ದೂರವಿದ್ದರೆ ಗಡಿಯಲ್ಲೇ ತಿರುಗಿ ಹೋಗುತ್ತದೆ. ನೀರಿನ ಸಂಖ್ಯೆ ಗಾಳಿಯದಕ್ಕಿಂತ ಸುಮಾರು 3,600 ಪಟ್ಟು ದೊಡ್ಡದು, ಕಾಂಕ್ರೀಟಿನದು ಸುಮಾರು 20,000 ಪಟ್ಟು. ಗಾಳಿಯಲ್ಲಿ ಬಂದು ದಪ್ಪ ಕಾಂಕ್ರೀಟಿಗೆ ಬಡಿದ ಶಬ್ದದ ಶಕ್ತಿಯಲ್ಲಿ ಒಳಹೊಕ್ಕುವುದು ಹತ್ತು ಸಾವಿರಕ್ಕೆ ಎರಡು ಪಾಲು ಮಾತ್ರ. ಗೋಡೆಯೊಳಗೆ ಓಡಾಡುವ ಸದ್ದು ಗಾಳಿಗೆ ಬರುವಾಗಲೂ ಇದೇ ನಷ್ಟ. ಅಂದರೆ ಗೋಡೆಗೆ ಬೇಕಾದಷ್ಟು ಸುದ್ದಿ ಗೊತ್ತಿರುತ್ತದೆ, ಒಂದಡಿ ಆಚೆ ನಿಂತ ನಮಗೆ ತಲುಪುವುದಿಲ್ಲ.

ನಮ್ಮ ಕಿವಿಗೂ ಇದೇ ತೊಡಕು. ಒಳಗಿವಿ ತುಂಬ ದ್ರವ, ಹೊರಗೆ ಗಾಳಿ. ನೇರವಾಗಿ ಬಿಟ್ಟರೆ ಸಾವಿರಕ್ಕೆ ಒಂದು ಪಾಲು ಶಬ್ದ ಒಳಗೆ ಹೋದೀತು. ನಡುವೆ ಮೂರು ಪುಟ್ಟ ಮೂಳೆಗಳು ಇರುವುದು ಅದಕ್ಕೇ. ಅಗಲವಾದ ಕಿವಿತಮಟೆಯ ಮೇಲೆ ಬಿದ್ದ ಬಲವನ್ನು ಅವು ಅದರ ಹದಿನೇಳನೇ ಒಂದು ಭಾಗದಷ್ಟು ಚಿಕ್ಕ ಕಿಂಡಿಯ ಮೇಲೆ ಒತ್ತುತ್ತವೆ. ಸನ್ನೆಕೋಲಿನ ಲಾಭವೂ ಸೇರಿ ಒತ್ತಡ ಇಪ್ಪತ್ತು ಪಟ್ಟಿಗಿಂತ ಹೆಚ್ಚಾಗುತ್ತದೆ. ಜಿರೋಗೆ ಗೋಡೆ ಮತ್ತು ಕಿವಿಯ ನಡುವಿನ ಗಾಳಿಯೇ ಇಲ್ಲ.

ಇದಕ್ಕೆ ಅತಿಮಾನುಷ ಶಕ್ತಿ ಬೇಕಾಗಿಲ್ಲ. ಯಾವುದಾದರೂ ಗ್ಯಾರೇಜಿನಲ್ಲಿ ಹಳೇ ಮೆಕ್ಯಾನಿಕ್ ಕೆಲಸ ಮಾಡುವುದನ್ನು ನಿಂತು ನೋಡಿ. ಇಂಜಿನ್ ಚಾಲೂ ಇಟ್ಟು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಒತ್ತುತ್ತಾರೆ, ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಆನಿಸುತ್ತಾರೆ. ತುದಿಯನ್ನು ನಾಲ್ಕಾರು ಇಂಚು ಆಚೀಚೆ ಸರಿಸುತ್ತಾ ಹೋಗಿ, ಯಾವ ಬೇರಿಂಗ್ ಸವೆದಿದೆ ಎಂದು ಬೆರಳು ಮಾಡಿ ತೋರಿಸುತ್ತಾರೆ. 1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್ ಕಾಗದವನ್ನು ಸುರುಳಿ ಸುತ್ತಿ ರೋಗಿಯ ಎದೆಗೆ ಒತ್ತಿ ಮೊದಲ ಸ್ಟೆತೋಸ್ಕೋಪ್ ಮಾಡಿದಾಗ ಅವರ ತಲೆಯಲ್ಲಿದ್ದದ್ದೂ ಇಂಥದ್ದೇ ಸಂಗತಿ: ಮರದ ತೊಲೆಯ ಒಂದು ತುದಿಯನ್ನು ಗುಂಡುಸೂಜಿಯಿಂದ ಕೆರೆದರೆ ಇನ್ನೊಂದು ತುದಿಗೆ ಕಿವಿಯಿಟ್ಟವರಿಗೆ ಅದು ಸ್ಪಷ್ಟವಾಗಿ ಕೇಳುತ್ತದೆ.

ಜಿರೋಗೆ ಎರಡು ಪಿನ್ ಇರುವುದೂ ಸುಮ್ಮನಲ್ಲ. ಸದ್ದು ಯಾವ ಕಡೆಯಿಂದ ಬಂತೆಂದು ತಿಳಿಯಲು ಮಿದುಳು ಬಳಸುವ ಮುಖ್ಯ ಸುಳಿವು, ಅದು ಒಂದು ಕಿವಿಗಿಂತ ಇನ್ನೊಂದಕ್ಕೆ ಎಷ್ಟು ತಡವಾಗಿ ಮುಟ್ಟಿತು ಎಂಬುದು. ತಲೆಯ ಅಗಲಕ್ಕೆ ಇದು ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಕಾಂಕ್ರೀಟಿನಲ್ಲಿ ಅದರ ಹತ್ತು ಪಟ್ಟು. ಹಾಗಾಗಿ ಪಿನ್ನುಗಳನ್ನು ತಲೆಯಗಲದ ಹತ್ತರಷ್ಟು, ಅಂದರೆ ಎರಡು ಮೀಟರ್ ದೂರ ಚುಚ್ಚಿದರೆ ಮಿದುಳಿಗೆ ರೂಢಿಯಾದ ಅದೇ ಅಂತರ ಸಿಗುತ್ತದೆ. ಅವಳ ವೈರುಗಳು ಮೀಟರುಗಟ್ಟಲೆ ಚಾಚಿಕೊಳ್ಳುತ್ತವೆ. ಮರುಭೂಮಿಯ ಚೇಳು ಈ ಲೆಕ್ಕವನ್ನು ಎಂಟು ಕಾಲುಗಳಿಂದ ಮಾಡುತ್ತದೆ. ಅರ್ಧ ಮೀಟರ್ ಆಚೆ ಮರಳಿನಡಿ ಹುಳ ಅಲುಗಿದರೂ, ಕಂಪನ ಯಾವ ಕಾಲಿಗೆ ಮೊದಲು ತಾಗಿತೆಂಬುದರಿಂದಲೇ ಅತ್ತ ತಿರುಗುತ್ತದೆ.

ಇನ್ನು ಹೊಡೆತದ ಮಾತು. ಇಲ್ಲಿ ಕಥೆ ವಿಜ್ಞಾನದಿಂದ ಒಂದು ದೊಡ್ಡ ಸಾಲ ಪಡೆದಿದೆ. ವಿಶ್ರಾಂತಿಯಲ್ಲಿರುವ ಹೃದಯದ ಯಾಂತ್ರಿಕ ಸಾಮರ್ಥ್ಯ ಒಂದು ವ್ಯಾಟಿಗಿಂತ ತುಸು ಹೆಚ್ಚು, ಅದರಲ್ಲಿ ಶಬ್ದವಾಗುವುದು ತೀರಾ ಅಲ್ಪ. ಬಂಡೆ ಒಡೆಯುವಷ್ಟು ಹಿಗ್ಗಿಸಲು ಬೇಕಾದ ಶಕ್ತಿ ಬೇರೆಲ್ಲಿಂದಲೋ ಬರಬೇಕು. ಹೊರಿಕೊಶಿ ಅವಳ ಬೂಟುಗಳಿಗೆ ಸ್ಪೀಕರ್ ಕೂಡಿಸಿದ್ದಾರೆ. ಇಷ್ಟೊಂದನ್ನು ಓದುಗ ಒಪ್ಪಿಕೊಳ್ಳಬೇಕು.

ಒಪ್ಪಿಕೊಂಡರೆ ಉಳಿದದ್ದು ಸರಿಯಾಗಿ ಕೂಡುತ್ತದೆ. ಗಾಳಿಯಲ್ಲಿ ಶಬ್ದ ಸುಮಾರು 194 ಡೆಸಿಬೆಲ್ ಮುಟ್ಟಿದರೆ ಅಲೆಯ ತಗ್ಗಿನಲ್ಲಿ ಒತ್ತಡ ಸೊನ್ನೆಗೆ ಇಳಿದಿರುತ್ತದೆ, ಇನ್ನೂ ಇಳಿಯಲು ಅಲ್ಲಿ ಗಾಳಿಯೇ ಇರುವುದಿಲ್ಲ. ಅದರಾಚೆಯದ್ದು ಸ್ಫೋಟದ ಆಘಾತ ತರಂಗ, ಮಾಮೂಲಿ ಶಬ್ದವಲ್ಲ. ಆ ಮಿತಿಯಲ್ಲೂ ಒತ್ತಡದ ಏರಿಳಿತ ಒಂದು ವಾತಾವರಣದಷ್ಟೇ. ಕಾಂಕ್ರೀಟನ್ನು ಎಳೆದು ಬಿರುಕು ಬಿಡಿಸಲು ಇಪ್ಪತ್ತರಿಂದ ಮೂವತ್ತು ವಾತಾವರಣದಷ್ಟು ಬೇಕು. ಕಿರುಚುವ ಪಾತ್ರಗಳು ಸೋಲುವುದು ಇಲ್ಲೇ. ಘನವಸ್ತುವಿನೊಳಗೆ ಆ ಮಿತಿ ಇಲ್ಲ.

ನಡುವೆ ಗಾಳಿ ಬಿಡದೆ ಶಬ್ದ ದಾಟಿಸುವ ಈ ಉಪಾಯವನ್ನು ವೈದ್ಯರು ದಿನನಿತ್ಯ ಬಳಸುತ್ತಾರೆ. ಸ್ಕ್ಯಾನಿಂಗ್ ಕೋಣೆಯಲ್ಲಿ ಹೊಟ್ಟೆಗೆ ಸವರುವ ಆ ತಣ್ಣನೆಯ ಜೆಲ್ ನೆನಪಿರಬೇಕಲ್ಲ? ಚರ್ಮಕ್ಕೂ ಉಪಕರಣಕ್ಕೂ ನಡುವೆ ಕೂದಲೆಳೆಯಷ್ಟು ಗಾಳಿ ಉಳಿದರೂ ಶಬ್ದವೆಲ್ಲ ಅಲ್ಲೇ ಹಿಂತಿರುಗುತ್ತದೆ, ತೆರೆಯ ಮೇಲೆ ಏನೂ ಮೂಡುವುದಿಲ್ಲ. 1980ರ ಫೆಬ್ರುವರಿಯಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಒಬ್ಬ ರೋಗಿಯ ಮೂತ್ರಪಿಂಡದ ಕಲ್ಲನ್ನು ಕತ್ತಿ ಮುಟ್ಟಿಸದೆ ಪುಡಿ ಮಾಡಿದರು. ಆ ಯಂತ್ರ ತಯಾರಿಸಿದ್ದು ವಿಮಾನ ಕಟ್ಟುವ ಡಾರ್ನಿಯರ್ ಕಂಪನಿ. ರೋಗಿಯನ್ನು ನೀರಿನ ತೊಟ್ಟಿಯಲ್ಲಿ ಮಲಗಿಸಿ, ನೀರಿನೊಳಗೆ ಕಿಡಿ ಹಾರಿಸಿ, ಅದರ ಆಘಾತ ತರಂಗವನ್ನು ಕಲ್ಲಿನ ಮೇಲೆ ಕೇಂದ್ರೀಕರಿಸುತ್ತಿದ್ದರು. ಸಾಂದ್ರತೆಯನ್ನು ವೇಗದಿಂದ ಗುಣಿಸಿದ ಆ ಸಂಖ್ಯೆ ಮೈಯದು ನೀರಿನದಕ್ಕೆ ಬಹಳ ಹತ್ತಿರ, ಆದ್ದರಿಂದ ಅಲೆ ಚರ್ಮವನ್ನು ತಡೆಯಿಲ್ಲದೆ ದಾಟುತ್ತದೆ. ಕಲ್ಲು ಸಿಕ್ಕ ಜಾಗದಲ್ಲಿ ಸಂಖ್ಯೆ ತಟ್ಟನೆ ಬದಲಾಗುತ್ತದೆ, ನೂರಾರು ವಾತಾವರಣದ ಒತ್ತಡ ಅಲ್ಲೇ ಬೀಳುತ್ತದೆ. ಒಂದೇ ಏಟಿಗೆ ಕಲ್ಲು ಒಡೆಯುವುದಿಲ್ಲ, ಸಾವಿರಕ್ಕೂ ಹೆಚ್ಚು ಏಟು ಬೇಕಾಗಬಹುದು.

ಆ ಏಟುಗಳನ್ನು ಮನಬಂದಂತೆ ಕೊಡುವ ಹಾಗೂ ಇರಲಿಲ್ಲ. ಹೃದಯ ಮುಂದಿನ ಬಡಿತಕ್ಕೆ ಅಣಿಯಾಗುವ ಒಂದು ಸೂಕ್ಷ್ಮ ಗಳಿಗೆಯಲ್ಲಿ ಆಘಾತ ತಗುಲಿದರೆ ಲಯ ತಪ್ಪುವ ಅಪಾಯವಿತ್ತು. ಅದಕ್ಕೆ ಯಂತ್ರವನ್ನು ರೋಗಿಯ ಇಸಿಜಿಗೆ ಜೋಡಿಸಿದ್ದರು. ಪ್ರತಿ ಬಡಿತದ ವಿದ್ಯುತ್ ಸಂಕೇತ ಬಂದೊಡನೆ ಒಂದು ಕಿಡಿ, ಒಂದು ಆಘಾತ. ಎದೆ ನಿಮಿಷಕ್ಕೆ ಎಪ್ಪತ್ತು ಸಲ ಬಡಿದರೆ ಕಲ್ಲಿಗೂ ಎಪ್ಪತ್ತು ಏಟು.